ಲೋಕದ ಮೆನ್ನೊನೈಟ್ ಸಭೆಗಳಿಗಾಗಿ ನಾವು ಏನೆಂದು ಪ್ರಾರ್ಥಿಸಬೇಕು?

ಸಭಾ ಕಾರ್ಯದರ್ಶಿ, ಮೈಸೂರು

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ಮೈಸೂರು ಮತ್ತು ಮಂಡ್ಯದ ನಮ್ಮ ಬುಧವಾರದ ಪ್ರಾರ್ಥನಾ ಕೂಟಗಳ ಬಗ್ಗೆ ಒಂದು ಮಾತನ್ನು ಚರ್ಚೆಗೆ ಇಡುತ್ತಿದ್ದೇನೆ. ಬಿನ್ನಹದ ಹೊತ್ತಿನಲ್ಲಿ ನಾವು ನಮ್ಮವರ ಮೊಣಕಾಲು ನೋವಿಗೆ, ಮಗಳ ಮದುವೆಗೆ, ಮಗನ ಕೆಲಸಕ್ಕೆ ಹೆಸರು ಹಿಡಿದು ಬೇಡುತ್ತೇವೆ. ಆಪರೇಷನ್ ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನೂ ದೇವರಿಗೆ ತಿಳಿಸುತ್ತೇವೆ. ಆಮೇಲೆ ಲೋಕದ ಸಭೆಗಳ ಸರದಿ ಬಂದಾಗ, ಎಲ್ಲಾ ಸಭೆಗಳನ್ನು ಆಶೀರ್ವದಿಸು ಎಂಬ ಒಂದೇ ವಾಕ್ಯದಲ್ಲಿ ಮುಗಿಸಿ ಮುಗಿತಾಯದ ಕೀರ್ತನೆಗೆ ಹೋಗಿಬಿಡುತ್ತೇವೆ. ಗೊತ್ತಿಲ್ಲದವರಿಗಾಗಿ ಮನಸ್ಸಿಟ್ಟು ಬೇಡಿಕೊಳ್ಳುವುದು ಕಷ್ಟ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅದಕ್ಕೆ ಪರಿಹಾರ ತಿಳಿದುಕೊಳ್ಳುವುದೇ ಹೊರತು ಬೇಗ ಮುಗಿಸುವುದಲ್ಲ.

ಆದುದರಿಂದ ಕೆಲವು ತಿಂಗಳ ಕಾಲ ಸಭೆಗಳ ಒಂದೇ ಕುಟುಂಬವನ್ನು ತೆಗೆದುಕೊಂಡು, ಅವರ ಕಷ್ಟಸುಖವನ್ನು ದೇಶದೇಶವಾಗಿ ಓದಿ ತಿಳಿದು ಪ್ರಾರ್ಥಿಸೋಣ ಎಂಬುದು ನನ್ನ ಸಲಹೆ. ಮೊದಲಿಗೆ ಮೆನ್ನೊನೈಟ್ ಸಭೆಗಳನ್ನು ಸೂಚಿಸುತ್ತಿದ್ದೇನೆ. 1525ರ ಜನವರಿ 21ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ, ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ ಎಂದು ತೀರ್ಮಾನಿಸಿ ಕೆಲವರು ಒಬ್ಬರಿಗೊಬ್ಬರು ದೀಕ್ಷಾಸ್ನಾನ ಕೊಟ್ಟುಕೊಂಡ ರಾತ್ರಿಯಿಂದ ಈ ಪರಂಪರೆ ಆರಂಭವಾಗುತ್ತದೆ. 1536ರಲ್ಲಿ ಪಾದ್ರಿ ಪದವಿಯನ್ನು ಬಿಟ್ಟು ಇವರನ್ನು ಸೇರಿಕೊಂಡ ನೆದರ್ಲೆಂಡ್ಸಿನ ಮೆನ್ನೊ ಸೈಮನ್ಸ್ ಅವರಿಂದ ಮುಂದೆ ಇವರಿಗೆ ಈ ಹೆಸರು ಬಂದಿತು. ಇಂದು ಈ ಪರಂಪರೆಯ ವಿಶ್ವಾಸಿಗಳು 80ಕ್ಕೂ ಹೆಚ್ಚು ದೇಶಗಳಲ್ಲಿ, 20 ಲಕ್ಷಕ್ಕೂ ಮಿಕ್ಕಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಯೂರೋಪಿನವರಲ್ಲ. ಆಫ್ರಿಕಾ, ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದವರು.

ಮೆನ್ನೊನೈಟ್ ವಿಶ್ವ ಸಮ್ಮೇಳನ ಎಂಬ ಸಂಸ್ಥೆ 1925ರಲ್ಲಿ ಬಾಸೆಲ್ ನಗರದಲ್ಲಿ ಮೊದಲ ಬಾರಿ ಸೇರಿತು. ಮಂಗಳೂರಿನ ಬಾಸೆಲ್ ಮಿಷನ್ನಿನಿಂದಾಗಿ ಆ ಊರಿನ ಹೆಸರು ಕನ್ನಡ ಕ್ರೈಸ್ತರಿಗೆಲ್ಲ ಪರಿಚಿತ. ಪ್ರತಿವರ್ಷ ಜನವರಿ 21ರ ಹತ್ತಿರದ ಭಾನುವಾರವನ್ನು ಅವರು ಲೋಕದಾದ್ಯಂತ ಅನ್ಯೋನ್ಯತೆಯ ಭಾನುವಾರವಾಗಿ ಆಚರಿಸುತ್ತಾರೆ. ಅಂದಿನ ಕಾಣಿಕೆಯ ಕ್ರಮ ನನಗೆ ಬಹಳ ಹಿಡಿಸಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನಲ್ಲಿ ಒಂದು ಹೊತ್ತಿನ ಊಟಕ್ಕೆ ಎಷ್ಟಾಗುತ್ತದೆಯೋ ಅಷ್ಟನ್ನು ಕೊಡಬೇಕೆಂದು ಅವರು ಕೇಳುತ್ತಾರೆ. ಕೆನಡಾದವರು ಅಲ್ಲಿನ ಊಟದ ಬೆಲೆಯನ್ನು ಕೊಟ್ಟರೆ, ಕಾಂಗೋದವರು ಕಾಂಗೋದ ಊಟದ ಬೆಲೆಯನ್ನು ಕೊಡುತ್ತಾರೆ. ಮಂಡ್ಯದವರಾದರೆ ಒಂದು ಮುದ್ದೆ ಊಟದ ಹಣ. ಕೊಡುವವರು ಒಂದು ಕಡೆ, ಬೇಡುವವರು ಇನ್ನೊಂದು ಕಡೆ ಎಂಬ ಭೇದ ಇದರಲ್ಲಿ ಉಳಿಯುವುದಿಲ್ಲ. ನಮ್ಮ ಪ್ರಾರ್ಥನೆಯೂ ಹೀಗೆಯೇ ಇರಬೇಕೆಂಬುದು ನನ್ನ ಆಸೆ.

ಮಂಡಿ ಮೊಹಲ್ಲಾ ನಿವಾಸಿ

ಕಾರ್ಯದರ್ಶಿಯವರ ಆಸಕ್ತಿಯನ್ನು ಗೌರವಿಸುತ್ತೇನೆ, ಆದರೂ ನನ್ನ ಸಂಶಯವನ್ನು ಮುಚ್ಚಿಡಲಾರೆ. ನಮ್ಮದು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಸಭೆ. ಮೆನ್ನೊನೈಟರು ಅದನ್ನು ಒಪ್ಪುವುದಿಲ್ಲ; ಸೈನ್ಯಕ್ಕೆ ಸೇರುವುದನ್ನೂ ಒಪ್ಪುವುದಿಲ್ಲ. ನಮ್ಮ ಸಭೆಯಲ್ಲಿ ಸೇನೆಯಿಂದ ನಿವೃತ್ತರಾದವರ ಕುಟುಂಬಗಳಿವೆ. ಅವರ ಮನಸ್ಸಿಗೆ ಏನನ್ನಿಸೀತು? ಅಲ್ಲದೆ ನಮ್ಮ ಬಡಾವಣೆಯಲ್ಲೇ ಕುಡಿತದಿಂದ ಒಡೆದ ಮನೆಗಳು, ಫೀಸು ಕಟ್ಟಲಾಗದೆ ಕಾಲೇಜು ಬಿಟ್ಟ ಮಕ್ಕಳು ಇರುವಾಗ ಬೊಲಿವಿಯಾ, ಬುರ್ಕಿನಾ ಫಾಸೊ ಎಂದು ಭೂಪಟ ಹುಡುಕುವುದು ಸರಿಯೇ? ಜಗಳಕ್ಕಾಗಿ ಕೇಳುತ್ತಿಲ್ಲ. ಮನವರಿಕೆಯಾದರೆ ನಾನೂ ಪ್ರಾರ್ಥನೆಗೆ ಕೂರುವವನೇ.

ನಿವೃತ್ತ ಮೇಷ್ಟ್ರು, ಮಂಡ್ಯ

ಮೊಹಲ್ಲಾ ನಿವಾಸಿಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ದೀಕ್ಷಾಸ್ನಾನದ ಭೇದವನ್ನು ಅವರು ಎತ್ತಿದ್ದು ಒಳ್ಳೆಯದೇ ಆಯಿತು, ಏಕೆಂದರೆ ನಾವು ಪ್ರಾರ್ಥಿಸಲೇಬೇಕಾದ ಕಾರಣ ಅಲ್ಲಿಯೇ ಇದೆ ಎಂದು ನಾನು ತಿಳಿಯುತ್ತೇನೆ.

ಜ್ಯೂರಿಕ್ಕಿನಲ್ಲಿ ಈ ಜನರನ್ನು ಹಿಂಸಿಸಿದವರು ಯಾರು? ಆಗತಾನೇ ಸುಧಾರಣೆ ಹೊಂದಿದ ಪ್ರೊಟೆಸ್ಟಂಟ್ ಸಭೆಯವರೇ, ಎಂದರೆ ನಮ್ಮ ಪೂರ್ವಜ ಸಭೆಗಳ ಬಂಧುಗಳೇ. ಫೆಲಿಕ್ಸ್ ಮಾನ್ಸ್ ಎಂಬ ಯುವಕನನ್ನು 1527ರ ಜನವರಿ 5ರಂದು ಕೈಕಾಲು ಕಟ್ಟಿ ಲಿಮ್ಮಟ್ ನದಿಯಲ್ಲಿ ಮುಳುಗಿಸಿ ಕೊಂದರು. ಮರುದೀಕ್ಷೆ ಬೇಕೆಂದವನಿಗೆ ನೀರೇ ಶಿಕ್ಷೆ ಎಂಬುದು ಅವರ ತೀರ್ಪಿನ ಕ್ರೌರ್ಯ. ಕ್ಯಾಥೊಲಿಕ್ ಅರಸರು ಇದೇ ಜನರನ್ನು ಬೆಂಕಿಗೆ ಹಾಕಿದರು. ಲೂಥರನ್ ಸಭೆಯ ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದಲ್ಲಿಯೂ ಇವರ ಮೇಲಿನ ಖಂಡನೆಗಳಿವೆ. ಈ ಲೆಕ್ಕವನ್ನು ಕ್ರೈಸ್ತ ಲೋಕವು ತೀರಿಸಲು ಆರಂಭಿಸಿದ್ದು ನಮ್ಮ ಕಾಲದಲ್ಲಿ. 2004ರಲ್ಲಿ ಜ್ಯೂರಿಕ್ಕಿನ ರಿಫಾರ್ಮ್ಡ್ ಸಭೆಯವರು ಅದೇ ನದಿಯ ದಡದಲ್ಲಿ ಸ್ಮಾರಕ ಫಲಕವನ್ನು ಇಟ್ಟರು. 2010ರ ಜುಲೈಯಲ್ಲಿ ಸ್ಟುಟ್‌ಗಾರ್ಟಿನಲ್ಲಿ ಸೇರಿದ ಲೂಥರನ್ ವಿಶ್ವ ಒಕ್ಕೂಟವು ಮೆನ್ನೊನೈಟರ ಕ್ಷಮೆಯನ್ನು ಕೇಳಿತು. ಆ ಮೊದಲ ದೀಕ್ಷಾಸ್ನಾನಕ್ಕೆ 500 ವರ್ಷ ತುಂಬಿದ ವರ್ಷ, 2025ರ ಮೇ 29ರಂದು, ಮೆನ್ನೊನೈಟರು ಲೋಕದ ನಾನಾ ಕಡೆಗಳಿಂದ ಬಂದು ಜ್ಯೂರಿಕ್ಕಿನಲ್ಲಿಯೇ ಕೂಡಿ ಆರಾಧಿಸಿದರು.

ಕ್ಷಮೆ ಕೇಳಿಕೊಂಡ ಮನೆಯವರ ಕಷ್ಟವನ್ನು ಆಮೇಲೆ ವಿಚಾರಿಸದಿದ್ದರೆ ಆ ಕ್ಷಮೆಗೆ ಅರ್ಥವೇನು? ಅವರ ಬೋಧನೆಯನ್ನು ನಾವು ಒಪ್ಪಬೇಕಾಗಿಲ್ಲ, ಅವರೂ ನಮ್ಮಿಂದ ಅದನ್ನು ಕೇಳಿಲ್ಲ. ಇನ್ನು ಸೇನೆಯಲ್ಲಿ ದುಡಿದವರ ವಿಷಯ. ಯುದ್ಧದ ಬೆಲೆ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಯುದ್ಧದಿಂದ ನೆಲೆತಪ್ಪಿದ ಸಭೆಗಳಿಗಾಗಿ ಪ್ರಾರ್ಥಿಸಿರೆಂದು ಕೇಳಿದರೆ ಮೊದಲು ಎದ್ದು ನಿಲ್ಲುವವರು ಅವರೇ ಎಂದು ನನ್ನ ನಂಬಿಕೆ.

ಸಂಶೋಧನಾ ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಹಿರಿಯರಿಗೆ ವಂದನೆಗಳು. ನಮ್ಮ ವಿಶ್ವವಿದ್ಯಾನಿಲಯದಲ್ಲಿ ಓದಲು ಬಂದಿದ್ದ ಇಥಿಯೋಪಿಯಾದ ಸಹೋದರರೊಬ್ಬರಿಂದ ಅಲ್ಲಿನ ಮೆಸೆರೆತೆ ಕ್ರಿಸ್ತೋಸ್ ಸಭೆಯ ಬಗ್ಗೆ ಮೊದಲು ಕೇಳಿದೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಮೆನ್ನೊನೈಟ್ ವಿಶ್ವ ಸಮ್ಮೇಳನಕ್ಕೆ ಸೇರಿದ ಸಭೆಗಳಲ್ಲಿ ಅತಿ ದೊಡ್ಡದು ಅಮೆರಿಕದಲ್ಲಿಯೂ ಇಲ್ಲ, ಜರ್ಮನಿಯಲ್ಲಿಯೂ ಇಲ್ಲ. ಅದು ಇಥಿಯೋಪಿಯಾದ ಈ ಸಭೆ.

1982ರಲ್ಲಿ ದೆರ್ಗ್ ಎಂಬ ಸೈನಿಕ ಸರಕಾರವು ಈ ಸಭೆಯನ್ನು ಮುಚ್ಚಿಸಿ, ಆಸ್ತಿಯನ್ನು ಜಪ್ತಿ ಮಾಡಿ, ನಾಯಕರನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟಿತು. ಆಗ ಸದಸ್ಯರು ಸುಮಾರು 5,000. ದೇವಾಲಯದ ಬಾಗಿಲಿಗೆ ಬೀಗ ಬಿದ್ದ ಮೇಲೆ ಅವರು ಮನೆಮನೆಗಳಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಸೇರಿದರು. ನೆರೆಹೊರೆಯವರಿಗೆ ಕೇಳಿಸದಂತೆ ಹಾಡನ್ನು ಪಿಸುಮಾತಿನಲ್ಲಿ ಹಾಡಬೇಕು, ಗುಂಪು ಗುಂಪಾಗಿ ಬಂದರೆ ಅನುಮಾನ ಹುಟ್ಟುತ್ತದೆಂದು ಒಬ್ಬೊಬ್ಬರಾಗಿ ಬಂದು ಒಬ್ಬೊಬ್ಬರಾಗಿ ಹೋಗಬೇಕು. ಇಂಥ ಕೂಟಗಳಿಗೆ ಮನೆಯ ಬಾಗಿಲು ತೆರೆದು, ವಾಕ್ಯ ಕಲಿಸಿ, ಹೊಸಬರನ್ನು ಕಾಪಾಡಿಕೊಂಡವರಲ್ಲಿ ಹೆಂಗಸರು ಅನೇಕರು. 1991ರಲ್ಲಿ ಆ ಸರಕಾರ ಬಿದ್ದು ಸಭೆ ಬೆಳಕಿಗೆ ಬಂದಾಗ ಅದು ಹಲವು ಪಟ್ಟು ಬೆಳೆದಿತ್ತು. ಈಗ ಅದರ ಸದಸ್ಯರು ಲಕ್ಷಗಳಲ್ಲಿದ್ದಾರೆ.

ಇದನ್ನು ಕೇಳಿ ನಾವು ಸ್ತೋತ್ರ ಹೇಳಿ ಸುಮ್ಮನಾಗಬಾರದು. 2020ರ ನವೆಂಬರಿನಿಂದ 2022ರ ನವೆಂಬರಿನವರೆಗೆ ನಡೆದ ಟಿಗ್ರೆ ಯುದ್ಧ ಮುಗಿದರೂ ಅಮ್ಹಾರಾ, ಒರೊಮಿಯಾ ಪ್ರಾಂತ್ಯಗಳಲ್ಲಿ ಕಾಳಗಗಳಾದವು. ಈ ಸಭೆಯಲ್ಲಿ ನಾನಾ ಭಾಷೆಯ, ನಾನಾ ಜನಾಂಗದ ವಿಶ್ವಾಸಿಗಳಿದ್ದಾರೆ. ಹೊರಗೆ ಜನಾಂಗಗಳು ಕಾದಾಡುತ್ತಿರುವಾಗ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪಾತ್ರೆಯಿಂದ ಕರ್ತನ ಭೋಜನವನ್ನು ತೆಗೆದುಕೊಳ್ಳುವುದು ಎಷ್ಟು ಕಷ್ಟವೆಂದು ಊಹಿಸಿಕೊಳ್ಳಿ. ಅವರಿಗಾಗಿ ನಾನು ಬೇಡಿಕೊಳ್ಳುವುದು ಮುಖ್ಯವಾಗಿ ಈ ಒಗ್ಗಟ್ಟನ್ನೇ. ಇನ್ನೊಂದು ಕೊರತೆಯೂ ಇದೆ: ಇಷ್ಟು ವೇಗವಾಗಿ ಬೆಳೆದ ಸಭೆಗೆ ತರಬೇತಿ ಪಡೆದ ಸಭಾಪಾಲಕರು ಸಾಕಾಗುವುದಿಲ್ಲ. ಬಿಷೋಫ್ತು ಎಂಬ ಊರಿನಲ್ಲಿರುವ ಅವರ ಕಾಲೇಜಿನ ಹೆಸರನ್ನು ನಮ್ಮ ಪಟ್ಟಿಯಲ್ಲಿ ಸೇರಿಸಬೇಕು. 2028ರ ವಿಶ್ವ ಸಮ್ಮೇಳನವನ್ನು ಇಥಿಯೋಪಿಯಾದಲ್ಲಿ ನಡೆಸಲು ತೀರ್ಮಾನವಾಗಿದೆ. ಅದು ಸಮಾಧಾನದಿಂದ ನಡೆಯುವಂತೆಯೂ ಬೇಡೋಣ.

ಶ್ರೀರಂಗಪಟ್ಟಣದ ರೈತ

ತಂಗಿಯವರು ಚೆನ್ನಾಗಿ ಬರೆದಿದ್ದಾರೆ. ನಾನು ಉಕ್ರೇನಿನ ಬಗ್ಗೆ ಬರೆಯಬೇಕೆಂದಿದ್ದೇನೆ, ಏಕೆಂದರೆ ಅಲ್ಲಿನ ಮೆನ್ನೊನೈಟರ ಕಥೆ ಮಣ್ಣು ನೀರಿನ ಕಥೆ.

ರಷ್ಯದ ರಾಣಿ ಕ್ಯಾಥರೀನಳ ಆಹ್ವಾನದಂತೆ 1789ರಲ್ಲಿ ಇವರು ನೀಪರ್ ನದಿಯ ದಡದ ಖೋರ್ಟಿಟ್ಸಾದಲ್ಲಿ ಬಂದು ನೆಲೆಸಿದರು. ಇಂದಿನ ಝಾಪೊರಿಝಿಯಾ ನಗರವಿರುವುದು ಅಲ್ಲಿಯೇ. ಬೀಳು ಭೂಮಿಯನ್ನು ಗೋಧಿಯ ಸೀಮೆಯಾಗಿ ಮಾಡಿದರು. ಆಯುಧ ಹಿಡಿಯಬೇಕಾಗಿಲ್ಲವೆಂಬ ಮಾತು ಅವರಿಗೆ ಸಿಕ್ಕಿತ್ತು. ಕ್ರಾಂತಿ, ಅಂತರ್ಯುದ್ಧ, ಆಮೇಲೆ 1921ರ ಬರ ಬಂದಾಗ ಆ ಊರುಗಳಲ್ಲಿ ಉಳಲು ಕುದುರೆಯೂ ಉಳಿಯಲಿಲ್ಲ, ಬಿತ್ತಲು ಬೀಜವೂ ಉಳಿಯಲಿಲ್ಲ. ಅಮೆರಿಕದ ಮೆನ್ನೊನೈಟರು ಅವರಿಗಾಗಿಯೇ 1920ರಲ್ಲಿ ಮೆನ್ನೊನೈಟ್ ಸೆಂಟ್ರಲ್ ಕಮಿಟಿಯನ್ನು ಕಟ್ಟಿ ಗಂಜಿ ಕೇಂದ್ರಗಳನ್ನು ತೆರೆದರು. ಅಷ್ಟಕ್ಕೇ ನಿಲ್ಲದೆ 50 ಫೋರ್ಡ್‌ಸನ್ ಟ್ರ್ಯಾಕ್ಟರುಗಳನ್ನು ಹಡಗಿನಲ್ಲಿ ಕಳುಹಿಸಿದರು. ಹಸಿದವನಿಗೆ ಇಂದು ಊಟ ಹಾಕಿ, ಮುಂದಿನ ವರ್ಷ ಅವನ ಹೊಲದಲ್ಲಿ ಅವನೇ ಬೆಳೆಯುವಂತೆ ಮಾಡಿದ ಆ ವಿವೇಕವನ್ನು ರೈತನಾಗಿ ನಾನು ಮೆಚ್ಚುತ್ತೇನೆ.

ಆ ಹಳೆಯ ವಸಾಹತುಗಳವರಲ್ಲಿ ಅನೇಕರು ಕೆನಡಾ, ಪರಾಗ್ವೆ, ಜರ್ಮನಿಗಳಿಗೆ ಹೋದರು. ಉಳಿದ ಅನೇಕರು ಸ್ಟಾಲಿನ್ ಕಾಲದಲ್ಲಿ ನಾಶವಾದರು. ಸೋವಿಯತ್ ಆಳ್ವಿಕೆ ಮುಗಿದ ಮೇಲೆ ಹೊಸದಾಗಿ ಹುಟ್ಟಿದ ಸಣ್ಣ ಸಭೆಗಳು 2022ರ ಫೆಬ್ರವರಿಯಿಂದ ಯುದ್ಧದ ಬಾಯಿಗೆ ಬಿದ್ದಿವೆ. 2023ರ ಜೂನ್ 6ರಂದು ನೀಪರ್ ನದಿಯ ಕಖೋವ್ಕಾ ಅಣೆಕಟ್ಟು ಒಡೆದು ಜಲಾಶಯ ಬರಿದಾಯಿತು. ಅದರ ನಾಲೆಗಳನ್ನು ನಂಬಿದ್ದ ತೆಂಕಣ ಸೀಮೆಯ ಹೊಲಗಳಿಗೆ ನೀರು ನಿಂತುಹೋಯಿತು. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ದಿನಪತ್ರಿಕೆಯಲ್ಲಿ ನೋಡಿ ಆಮೇಲೆ ಕಾಫಿ ಕುಡಿಯುವ ನಾವು ಈ ಸುದ್ದಿಯನ್ನು ಬೇರೆಯವರ ಸುದ್ದಿ ಎಂದು ಹೇಗೆ ಓದಲಾದೀತು?

ಇನ್ನೊಂದು ಮಾತು, ಕೆಲವರಿಗೆ ಕಹಿಯಾಗಬಹುದು. ಮೆನ್ನೊನೈಟರ ಪ್ರಾರ್ಥನೆಯಲ್ಲಿ ಶತ್ರುವಿಗೂ ಒಂದು ಪಾಲು ಇರುತ್ತದೆ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಯ ಹೊತ್ತಿಗೆ ನಮ್ಮ ಪ್ರಾರ್ಥನಾ ಕೂಟದಲ್ಲಿ ಒಬ್ಬ ಹಿರಿಯರು ಮಂಡ್ಯದ ರೈತರಿಗಾಗಿ ಬೇಡಿದ ಮೇಲೆ, ಅದೇ ಉಸಿರಿನಲ್ಲಿ ತಂಜಾವೂರಿನ ರೈತರಿಗಾಗಿಯೂ ಬೇಡಿದರು. ಕೂಟ ಒಮ್ಮೆ ಸ್ತಬ್ಧವಾಯಿತು. ಇಬ್ಬರು ಎದ್ದು ಹೊರಗೆ ಹೋದರು. ಆ ಹಿರಿಯರು ಪ್ರಾರ್ಥನೆಯನ್ನು ನಿಲ್ಲಿಸಲಿಲ್ಲ. ಆ ಕಡೆಯೂ ಗದ್ದೆ ಒಣಗಿದೆ, ಆ ಕಡೆಯೂ ಸಾಲಗಾರರು ಬಾಗಿಲಲ್ಲಿದ್ದಾರೆ ಎಂದು ದೇವರಿಗೆ ವಿವರಿಸಿ ಹೇಳಿದರು. ನೀರಿನ ಹಕ್ಕಿನ ಮಾತನ್ನು ಅವರು ಬಿಟ್ಟುಕೊಡಲಿಲ್ಲ, ಮಾರನೆಯ ದಿನ ಧರಣಿಯಲ್ಲಿ ಕುಳಿತಿದ್ದರು. ಉಕ್ರೇನಿನ ವಿಶ್ವಾಸಿಗಳಿಗೆ ರಷ್ಯದವರಿಗಾಗಿ ಬೇಡಿರೆಂದು ನಾವು ಇಲ್ಲಿ ಕುಳಿತು ಉಪದೇಶ ಮಾಡುವ ಹಾಗಿಲ್ಲ. ಆದರೆ ಆ ಕಷ್ಟದ ಪ್ರಾರ್ಥನೆಗೆ ಅವರಿಗೆ ಬಲ ಬರಲಿ ಎಂದು ಬೇಡಬಹುದು.

ಶುಶ್ರೂಷಕಿ, ಮೈಸೂರು

ಎಲ್ಲರೂ ದೂರದ ದೇಶಗಳನ್ನೇ ಹೇಳುತ್ತಿದ್ದೀರಿ. ರಾಯಚೂರಿನ ಗಡಿ ದಾಟಿದರೆ ಸಿಗುವ ಗದ್ವಾಲದಲ್ಲಿಯೇ ಮೆನ್ನೊನೈಟ್ ಬ್ರೆದ್ರನ್ ಸಭೆ ಇದೆ. ರೈತ ಸಹೋದರರು ಹೇಳಿದ ಉಕ್ರೇನಿನ ಆ ಹಳೆಯ ವಸಾಹತುಗಳಿಂದಲೇ ಅಬ್ರಹಾಂ ಫ್ರೀಸನ್ ಎಂಬವರು 1889ರಲ್ಲಿ ತೆಲುಗು ಸೀಮೆಗೆ ಬಂದು, ನಲ್ಗೊಂಡದಲ್ಲಿ ಬ್ಯಾಪ್ಟಿಸ್ಟರ ಜೊತೆ ಕೆಲಸ ಮಾಡಿದರು. ಹತ್ತು ವರ್ಷಗಳ ನಂತರ ಅಮೆರಿಕದಿಂದ ಬಂದವರ ಕೆಲಸ ಮಹಬೂಬ್‌ನಗರ, ವನಪರ್ತಿ, ದೇವರಕೊಂಡಗಳವರೆಗೆ ಹಬ್ಬಿತು. ಜಡ್ಚರ್ಲಾದಲ್ಲಿ ಅವರ ಆಸ್ಪತ್ರೆ ಇದೆ.

ಉತ್ತರದ ಕಡೆ ನೋಡಿದರೆ, ಇಂದಿನ ಛತ್ತೀಸ್‌ಗಢದ ಧಮ್ತರಿಗೆ ಮೆನ್ನೊನೈಟರು ಬಂದದ್ದು 1899ರಲ್ಲಿ, ಭೀಕರ ಬರದ ಮಧ್ಯದಲ್ಲಿ. ಅವರು ಮೊದಲು ಕೈ ಹಾಕಿದ್ದು ಹಸಿದವರಿಗೆ ಅನ್ನ ಹಾಕುವ, ತಬ್ಬಲಿ ಮಕ್ಕಳನ್ನು ಸಾಕುವ ಕೆಲಸಕ್ಕೆ. ಚಾಂಪಾದಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1997ರ ಜನವರಿಯಲ್ಲಿ ಅವರ ವಿಶ್ವ ಸಮ್ಮೇಳನವೂ ನಮ್ಮ ದೇಶದ ಕಲ್ಕತ್ತೆಯಲ್ಲಿ ನಡೆಯಿತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಸಿಸ್ಟರ್ ಧಮ್ತರಿಯಲ್ಲಿ ನರ್ಸಿಂಗ್ ಕಲಿತವರು. ರಾತ್ರಿ ಪಾಳಿಯಲ್ಲಿ ವಾರ್ಡ್ ಸದ್ದಡಗಿದ ಮೇಲೆ ಅವರು ರೋಗಿಗಳ ಚೀಟಿಗಳನ್ನು ಮಂಚದ ಸಂಖ್ಯೆಯ ಕ್ರಮದಲ್ಲಿ ಜೋಡಿಸಿಕೊಂಡು, ಒಂದೊಂದನ್ನೂ ಕೈಯಲ್ಲಿ ಹಿಡಿದು, ಹೆಸರು ಓದಿ, ಒಂದು ಕ್ಷಣ ಕಣ್ಣು ಮುಚ್ಚಿ, ಪಕ್ಕಕ್ಕೆ ಇಡುತ್ತಿದ್ದರು. ಅವರ ಊರಿನ ಆಸ್ಪತ್ರೆಗೆ ಏನು ಬೇಕೆಂದು ಕೇಳಿದಾಗ, ಕಟ್ಟಡವಲ್ಲ, ಅಲ್ಲಿ ಬಂದು ಉಳಿಯುವ ವೈದ್ಯರು ಬೇಕು ಎಂದರು. ನಗರದಿಂದ ದೂರದಲ್ಲಿರುವ ಮಿಷನ್ ಆಸ್ಪತ್ರೆಗಳ ಒಳಗನ್ನು ಬಲ್ಲವರಿಗೆ ಈ ಬೇಡಿಕೆಯ ಭಾರ ತಿಳಿಯುತ್ತದೆ. ನಮ್ಮ ಮಕ್ಕಳಲ್ಲಿ ವೈದ್ಯಕೀಯ ಓದುತ್ತಿರುವವರು ಇದ್ದಾರೆ. ನಾವು ಈ ಪ್ರಾರ್ಥನೆಯನ್ನು ಮಾಡಿದರೆ ದೇವರು ನಮ್ಮ ಮನೆಯ ಮಗುವನ್ನೇ ಕೇಳಬಹುದು, ಅದಕ್ಕೆ ಸಿದ್ಧರಿದ್ದು ಬೇಡಬೇಕು.

ಸ್ತ್ರೀಯರ ಅನ್ಯೋನ್ಯ ಕೂಟದ ಸದಸ್ಯೆ, ಮಂಡ್ಯ

ಇದುವರೆಗೆ ಬಂದ ಬರಹಗಳಲ್ಲಿ ಕಷ್ಟವೆಲ್ಲ ಹೊರಗಿನಿಂದ ಬಂದದ್ದು: ಅರಸರಿಂದ, ಸೈನ್ಯದಿಂದ, ಬರದಿಂದ. ಒಳಗಿನಿಂದ ಹುಟ್ಟಿದ ನೋವನ್ನೂ ಹೇಳದಿದ್ದರೆ ನಮ್ಮ ಪ್ರಾರ್ಥನೆ ಅರೆಯಾಗುತ್ತದೆ. ಬೊಲಿವಿಯಾದಲ್ಲಿ ಹೊರಲೋಕದಿಂದ ದೂರವಾಗಿ, ತಮ್ಮದೇ ಜರ್ಮನ್ ಉಪಭಾಷೆಯನ್ನು ಆಡಿಕೊಂಡು ಬದುಕುವ ಮೆನ್ನೊನೈಟ್ ವಸಾಹತುಗಳಿವೆ. ಅಂಥ ಒಂದು ವಸಾಹತಿನಲ್ಲಿ 2009ರವರೆಗಿನ ಕೆಲವು ವರ್ಷಗಳಲ್ಲಿ, ರಾತ್ರಿಯಲ್ಲಿ ಮನೆಯವರಿಗೆ ಪ್ರಜ್ಞೆ ತಪ್ಪಿಸಿ, ಅನೇಕ ಹೆಂಗಸರ ಮತ್ತು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದವರು ಅದೇ ಊರಿನ ಗಂಡಸರು. 2011ರಲ್ಲಿ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿತು. ಅಲ್ಲಿನ ಹೆಂಗಸರಿಗೆ ದೇಶದ ಭಾಷೆಯಾದ ಸ್ಪ್ಯಾನಿಷ್ ಬಾರದು. ನೋವನ್ನು ಪೊಲೀಸರಿಗೆ ಹೇಳಿಕೊಳ್ಳಲು ಕೂಡ ಬೇರೆಯವರ ಬಾಯಿ ಬೇಕು. ಈ ವಸಾಹತುಗಳು ಮೆನ್ನೊನೈಟ್ ವಿಶ್ವ ಸಮ್ಮೇಳನಕ್ಕೆ ಸೇರಿದವಲ್ಲ ಎಂಬುದು ನಿಜ. ಆದರೂ ಆ ಹೆಸರಿನ ಜನರೇ.

ಶಾಂತಿಗೆ ಹೆಸರಾದ ಸಮುದಾಯದಲ್ಲಿ, ಕ್ಷಮಿಸಿಬಿಡು ಎಂಬ ಮಾತು ಹೆಣ್ಣಿನ ಬಾಯಿ ಮುಚ್ಚಿಸಲು ಬಳಕೆಯಾಗಬಾರದೆಂದು ನಾನು ಬೇಡುತ್ತೇನೆ. ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಡಿದು ಹೊಡೆಯುವ ಗಂಡನನ್ನು ಸಹಿಸಿಕೋ ಎಂದು ಎಷ್ಟು ಸಲ ಕೇಳಿದ್ದೇವೆ! ಮೊಹಲ್ಲಾ ನಿವಾಸಿ ಅಣ್ಣನವರೇ, ನೀವು ಹೇಳಿದ ಒಡೆದ ಮನೆಗಳು ನನ್ನ ಕಣ್ಣಮುಂದಿವೆ. ಬೊಲಿವಿಯಾದ ಆ ತಾಯಂದಿರಿಗಾಗಿ ಬಾಯಿಬಿಟ್ಟು ಬೇಡಿದ ಕೂಟದಲ್ಲಿ, ನಮ್ಮ ಬೀದಿಯ ಹೆಣ್ಣುಮಗಳೊಬ್ಬಳಿಗೆ ತನ್ನ ಮಾತನ್ನೂ ಹೇಳಬಹುದೆಂಬ ಧೈರ್ಯ ಬಂದೀತು.

ಮಂಡಿ ಮೊಹಲ್ಲಾ ನಿವಾಸಿ

ಅಕ್ಕನವರ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ದೂರದವರಿಗಾಗಿ ಬೇಡಿದರೆ ಹತ್ತಿರದವರ ಪಾಲು ಕಡಿಮೆಯಾದೀತು ಎಂಬುದು ನನ್ನ ಭಯವಾಗಿತ್ತು. ಅದು ಪೂರ್ತಿ ಹೋಗಿದೆ ಎನ್ನಲಾರೆ. ಊರಿನ ಬಿನ್ನಹಗಳನ್ನು ಮೊದಲು ಮುಗಿಸಿ, ಆಮೇಲೆ ಒಂದು ದೇಶವನ್ನು, ಒಂದನ್ನೇ, ತೆಗೆದುಕೊಳ್ಳುವುದಾದರೆ ನನ್ನ ಒಪ್ಪಿಗೆ ಇದೆ. ಸೈನ್ಯದ ವಿಷಯದಲ್ಲಿ ಒಂದು ಸಂಗತಿ ಸೇರಿಸುತ್ತೇನೆ. ದಕ್ಷಿಣ ಕೊರಿಯಾದಲ್ಲಿ ಮನಸ್ಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲಾರೆ ಎಂದ ಯುವಕರು ಜೈಲಿಗೆ ಹೋಗಬೇಕಿತ್ತು. 2018ರ ನ್ಯಾಯಾಲಯದ ತೀರ್ಪಿನ ನಂತರ, 2020ರಿಂದ, ಅವರಿಗೆ 36 ತಿಂಗಳ ಬದಲಿ ಸೇವೆಗೆ ಅವಕಾಶವಾಗಿದೆ. ಅವರ ನಿಲುವನ್ನು ನಾನು ಒಪ್ಪದಿದ್ದರೂ, ಅದಕ್ಕಾಗಿ ಸೆರೆಮನೆಗೆ ಹೋಗಲು ಸಿದ್ಧನಾದ ಹುಡುಗನಿಗಾಗಿ ಪ್ರಾರ್ಥಿಸಲು ನನಗೆ ಅಡ್ಡಿಯಿಲ್ಲ.

ಸಭಾ ಕಾರ್ಯದರ್ಶಿ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ವಾರಕ್ಕೆ ಒಂದೇ ದೇಶ ಎಂಬ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಸಭಾಪಾಲಕರಾದ ಅಯ್ಯನವರ ಬಳಿಯೂ ಮಾತಾಡಿದೆ. ಬಿನ್ನಹದ ಸಮಯವನ್ನು ಸ್ವಲ್ಪ ಹೆಚ್ಚಿಸಲು ಒಪ್ಪಿದ್ದಾರೆ. ಮೊದಲ ವಾರ ಇಥಿಯೋಪಿಯಾ. ವಿದ್ಯಾರ್ಥಿನಿ ಸಹೋದರಿ ಐದು ನಿಮಿಷ ವಿವರಿಸಲಿ. ಎರಡನೆಯ ವಾರಕ್ಕೆ ಕಾಂಗೋ ದೇಶದ ಕಸಾಯ್ ಪ್ರಾಂತ್ಯವನ್ನು ನಾನೇ ಸಿದ್ಧಪಡಿಸುತ್ತೇನೆ. 2016 ಮತ್ತು 2017ರಲ್ಲಿ ಅಲ್ಲಿ ನಡೆದ ಹಿಂಸೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಓಡಿದರು. ಅವರಲ್ಲಿ ಮೆನ್ನೊನೈಟರು ಅನೇಕರಿದ್ದರು, ಓಡಿಬಂದವರಿಗೆ ತಮ್ಮ ಮನೆಯಲ್ಲಿಯೇ ಜಾಗ ಕೊಟ್ಟವರಲ್ಲಿಯೂ ಮೆನ್ನೊನೈಟರಿದ್ದರು. ಉಕ್ರೇನಿನ ವಾರವನ್ನು ಶ್ರೀರಂಗಪಟ್ಟಣದ ಸಹೋದರರೂ, ಬೊಲಿವಿಯಾದ ವಾರವನ್ನು ಮಂಡ್ಯದ ಸಹೋದರಿಯರೂ ವಹಿಸಿಕೊಳ್ಳಬೇಕೆಂದು ಕೋರುತ್ತೇನೆ. ಧಮ್ತರಿ ಮತ್ತು ಗದ್ವಾಲಗಳಿಗೆ ಪತ್ರ ಬರೆದು, ಅವರು ಸ್ವತಃ ಏನನ್ನು ಬೇಡಬೇಕೆಂದು ಬಯಸುತ್ತಾರೆ ಎಂಬುದನ್ನು ಕೇಳುವ ಕೆಲಸ ಶುಶ್ರೂಷಕಿಯವರದ್ದಾಗಲಿ. ಪತ್ರದ ಕೊನೆಯಲ್ಲಿ ನಮ್ಮ ಸಭೆಯ ಅಗತ್ಯಗಳನ್ನೂ ಬರೆದು, ನಮಗಾಗಿ ಪ್ರಾರ್ಥಿಸಿರೆಂದು ಅವರನ್ನು ಕೇಳಿಕೊಳ್ಳಿರಿ.

ಜನವರಿಯ ಅನ್ಯೋನ್ಯತೆಯ ಭಾನುವಾರದಂದು ಒಂದು ಊಟದ ಬೆಲೆಯ ಕಾಣಿಕೆಯನ್ನು ನಾವೂ ತೆಗೆಯಬಹುದೇ ಎಂಬ ಪ್ರಶ್ನೆಯನ್ನು ಸಭಾ ಹಿರಿಯರ ಮುಂದಿನ ಕೂಟಕ್ಕೆ ಬರೆದು ಕೊಟ್ಟಿದ್ದೇನೆ. ಮೇಷ್ಟ್ರೇ, ನಿಮ್ಮ ಶಾಲೆಯ ಹಳೆಯ ಲೋಕದ ಭೂಪಟ ಇನ್ನೂ ಇದ್ದರೆ ದಯವಿಟ್ಟು ಬುಧವಾರ ತನ್ನಿರಿ, ಗೋಡೆಗೆ ಮೊಳೆ ಹೊಡೆಸಿಡುತ್ತೇನೆ.